ಗಂಡುಮೆಟ್ಟಿನ ನಾಡಿನಲ್ಲಿ ಒನಕೆ ಯಾರದು?

ನವೆಂಬರ್ 11ರಂದು ನಮ್ಮ ಬಿ.ದುರ್ಗ ಹೋಬಳಿಯ ಒಂದು ಶಾಲೆಯಲ್ಲಿ ಒನಕೆ ಓಬವ್ವ ಜಯಂತಿ ಇತ್ತು. ವರದಿಗೆಂದು ಹೋಗಿದ್ದೆವು. 2021ರಿಂದ ಸರ್ಕಾರವೇ ಈ ಜಯಂತಿ ಆಚರಿಸುತ್ತಿರುವುದರಿಂದ ಫೋಟೊ, ಹಾರ, ಭಾಷಣ ಎಲ್ಲವೂ ಇರುತ್ತವೆ. ಮುಖ್ಯ ಅತಿಥಿಗಳು ಮೈಕ್ ಹಿಡಿದು, "ಓಬವ್ವ ಹೆಣ್ಣಾದರೂ ಗಂಡಸಿನ ಹಾಗೆ ಹೋರಾಡಿದಳು, ಅದಕ್ಕೇ ನಮ್ಮದು ಗಂಡುಮೆಟ್ಟಿನ ನಾಡು" ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು.

ನಮ್ಮ ಪಕ್ಕದಲ್ಲಿ ಮೊಮ್ಮಗಳ ಕೋಲಾಟ ನೋಡಲು ಬಂದಿದ್ದ ಅಜ್ಜಿಯೊಬ್ಬರು ಕೂತಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ. "ಅಲ್ಲ ಕಣಪ್ಪ, ಒನಕೆ ಹಿಡಿಯೋದು ಯಾವ ಗಂಡಸಿನ ಕೆಲಸ? ನಮ್ಮ ಯಜಮಾನರು ಹುಟ್ಟಿದಾಗಿನಿಂದ ಸಾಯೋವರೆಗೂ ಒನಕೆ ಮುಟ್ಟಿದ್ದು ನಾನಂತೂ ನೋಡಿಲ್ಲ" ಅಂದರು.

ಅಂದು ಮಕ್ಕಳಿಗೆ ಕೋಲಾಟ ಕಲಿಸಿದವರು ಶಾಮಿಯಾನದ ಹಿಂದೆ ನಿಂತಿದ್ದರು. ನಮಗೆ ಪರಿಚಯದವರೇ. ಹುಟ್ಟಿದಾಗ ಗಂಡು ಅಂತ ಬರೆಸಿದ್ದರು. ಈಗ ಸೀರೆ ಉಡುತ್ತಾರೆ. ವಂದನಾರ್ಪಣೆಯಲ್ಲಿ ಶಾಮಿಯಾನದವರ ಹೆಸರು ಬಂತು, ಮೈಕ್‌ನವರ ಹೆಸರು ಬಂತು, ಇವರ ಹೆಸರು ಬರಲಿಲ್ಲ.

ವರದಿ ನಾಲ್ಕು ಸಾಲು ಅಚ್ಚಾಯಿತು. ಅಜ್ಜಿಯ ಮಾತಿಗಾಗಲೀ ಕೋಲಾಟ ಕಲಿಸಿದವರಿಗಾಗಲೀ ಅದರಲ್ಲಿ ಜಾಗ ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಗಂಡು, ಹೆಣ್ಣು ಅನ್ನುವುದು ಹುಟ್ಟಿನಿಂದ ಬಂದದ್ದಾ, ಊರು ಕಟ್ಟಿದ್ದಾ? ಪಟ್ಟಣದ ಕಾಲೇಜುಗಳಲ್ಲಿ ಇದನ್ನು ದೊಡ್ಡ ದೊಡ್ಡ ಶಬ್ದಗಳಲ್ಲಿ ಚರ್ಚೆ ಮಾಡುತ್ತಾರೆ. ನಾವು ನಮ್ಮ ಸೀಮೆಯ ಚರಿತ್ರೆಯನ್ನೇ ಮುಂದಿಟ್ಟುಕೊಂಡು ನೋಡೋಣ.

ಓಬವ್ವನ ಕಥೆ ನಿಮಗೆ ಗೊತ್ತು. ಕೊನೆಯ ಮದಕರಿ ನಾಯಕನ ಕಾಲ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತ್ತು. ಕಹಳೆ ಮುದ್ದಹನುಮ ಕಾವಲಿನವನು, ಊಟಕ್ಕೆ ಮನೆಗೆ ಬಂದಿದ್ದ. ಅವನ ಹೆಂಡತಿ ಓಬವ್ವ, ಛಲವಾದಿ ಕುಲದವಳು, ನೀರಿಗೆಂದು ಹೋದಾಗ ಕಿಂಡಿಯಲ್ಲಿ ಒಬ್ಬೊಬ್ಬರೇ ಸೈನಿಕರು ನುಸುಳುತ್ತಿರುವುದು ಕಂಡಿತು. ಕೈಗೆ ಸಿಕ್ಕಿದ್ದು ಒನಕೆ. ತಲೆ ತೂರಿಸಿದವರನ್ನೆಲ್ಲ ಬಡಿದು ಪಕ್ಕಕ್ಕೆ ಎಳೆದು ಹಾಕಿದಳು. ಕೊನೆಗೆ ಅವಳೂ ಉಳಿಯಲಿಲ್ಲ. ಕೋಟೆ 1779ರಲ್ಲಿ ಹೈದರನ ಕೈಸೇರಿತು. ಪುಟ್ಟಣ್ಣ ಕಣಗಾಲರ 'ನಾಗರಹಾವು' 1972ರಲ್ಲಿ ಬಂದ ಮೇಲೆ ಈ ಕಥೆ ನಾಡಿಗೆಲ್ಲ ತಿಳಿಯಿತು. ಇವತ್ತಿಗೂ ಬಹಳ ಮಂದಿಗೆ ಓಬವ್ವ ಅಂದರೆ ನಟಿ ಜಯಂತಿಯ ಮುಖವೇ ಕಣ್ಣಮುಂದೆ ಬರುತ್ತದೆ.

ಅಜ್ಜಿ ಹೇಳಿದ್ದು ಇದೇ. ಓಬವ್ವ ಕತ್ತಿ ಹಿಡಿದು ಗಂಡಸಾಗಲಿಲ್ಲ. ದಿನಾ ಕುಟ್ಟುತ್ತಿದ್ದ ಕೈ ಅಂದೂ ಕುಟ್ಟಿತು. ರಾಗಿ, ನವಣೆ, ಭತ್ತ ಕುಟ್ಟಿ ಕುಟ್ಟಿ ಆ ರಟ್ಟೆಗೆ ಬಂದ ಶಕ್ತಿ ಅದು. ಕಾವಲಿನ ಕೆಲಸ ಗಂಡಸಿನದು, ಕುಟ್ಟುವ ಕೆಲಸ ಹೆಂಗಸಿನದು ಅಂತ ಊರು ಹಂಚಿತ್ತು. ಕಾವಲಿನವನು ಉಣ್ಣುತ್ತಿದ್ದಾಗ ಆ ಹಂಚಿಕೆ ಕೆಲಸಕ್ಕೆ ಬರಲಿಲ್ಲ, ಅಷ್ಟೇ.

ಅವರ ಮನೆಗೆ ಹೋಗಿ ಒನಕೆ ನೋಡಿದೆವು. ಅಟ್ಟದ ಮೇಲಿತ್ತು. ಈಗ ಮದುವೆ ಮನೆಯಲ್ಲಿ ಒರಳು ಒನಕೆಗೆ ಪೂಜೆ ಮಾಡಿ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಮಾತ್ರ ಇಳಿಸುತ್ತಾರಂತೆ. ನಾವೂ ಎತ್ತಿ ಹತ್ತು ನಿಮಿಷ ಬರೀ ಒರಳಿಗೆ ಕುಟ್ಟಿದೆವು. ಭುಜ ಬಿದ್ದುಹೋಯಿತು. ಅಜ್ಜಿ ನಕ್ಕು, "ನಾವು ಕೋಳಿ ಕೂಗೋ ಹೊತ್ತಿಗೆ ಶುರು ಮಾಡ್ತಿದ್ವಿ, ಹೊಟ್ಟೇಲಿ ಏಳು ತಿಂಗಳ ಕೂಸಿದ್ದಾಗಲೂ" ಅಂದರು.

ಆಮೇಲೆ ಊರಿಗೆ ಗಿರಣಿ ಬಂತು. ಬೆಲ್ಟು ಓಡಿಸುವ ಕೆಲಸ ಯಾರಿಗೆ ಹೋಯಿತು? ಗಂಡಸಿಗೆ. ಭೀಮಸಮುದ್ರ, ಹೊಳಲ್ಕೆರೆ ಕಡೆ ಅಡಿಕೆಯದೂ ಇದೇ ಕಥೆ. ಮರ ಹತ್ತಿ ಕೊನೆ ಕೊಯ್ಯುವುದು ಗಂಡಸರು, ಮೆಟ್ಟುಗತ್ತಿ ಮುಂದೆ ಕೂತು ರಾತ್ರಿಯಿಡೀ ಸುಲಿಯುವುದು ಹೆಂಗಸರು. ಸುಲಿಯುವ ಯಂತ್ರ ಬಂದ ಮೇಲೆ ಸ್ವಿಚ್ಚಿನ ಹತ್ತಿರ ನಿಂತವನು ಗಂಡಸು, ಸಿಪ್ಪೆ ಬಾಚಲು ಮತ್ತೆ ಹೆಂಗಸು. ಸ್ವಿಚ್ಚು ಒತ್ತಲು ಮೀಸೆ ಬೇಕೇ? ಕೂರಿಗೆ ಹಿಡಿಯುವುದು ಗಂಡು, ಹಿಂದಿನಿಂದ ಬೀಜ ಬಿಡುವುದು ಹೆಣ್ಣು. ನೇಗಿಲು ಹೆಂಗಸು ಮುಟ್ಟಿದರೆ ಮಳೆ ಹೋಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಟ್ರ್ಯಾಕ್ಟರ್ ಉಳುತ್ತದೆ. ಮಳೆ ತನಗೆ ಬೇಕಾದಾಗ ಬರುತ್ತದೆ, ಬೇಡವಾದಾಗ ಹೋಗುತ್ತದೆ.

ಕೆಲಸದ ಹಂಚಿಕೆ ಕಾಲಕ್ಕೆ ತಕ್ಕಂತೆ ಬದಲಾದರೂ ಒಂದು ಮಾತ್ರ ಬದಲಾಗಲಿಲ್ಲ. ಹೆಣ್ಣಾಳಿನ ಕೂಲಿ ಗಂಡಾಳಿನ ಕೂಲಿಗಿಂತ ಕಡಿಮೆಯೇ ಉಳಿಯಿತು. ಸಮಾನ ಕೂಲಿಯ ಕಾನೂನು 1976ರಲ್ಲೇ ಬಂದಿದೆ. ಉದ್ಯೋಗ ಖಾತ್ರಿಯಲ್ಲಿ ಇಬ್ಬರಿಗೂ ಒಂದೇ ಕೂಲಿ ಕೊಡುತ್ತಾರೆ. ಅದೇ ಹೆಂಗಸು ಮರುದಿನ ಪಕ್ಕದ ತೋಟಕ್ಕೆ ಹೋದರೆ ಅವಳ ಮೈ ಬದಲಾಗಿರುವುದಿಲ್ಲ, ಕೂಲಿ ಮಾತ್ರ ಇಳಿದಿರುತ್ತದೆ. ಇದನ್ನು ಪ್ರಕೃತಿ ಮಾಡಿತು ಅನ್ನಲು ನಮಗೆ ಬಾಯಿ ಬರುವುದಿಲ್ಲ.

ಹಾಗಂತ ಮೈಯಲ್ಲಿ ವ್ಯತ್ಯಾಸವೇ ಇಲ್ಲ ಅಂತಲೂ ನಾವು ಹೇಳುವುದಿಲ್ಲ. ಬಸುರಿ, ಬಾಣಂತನ, ಮುಟ್ಟು ಇವು ಯಾರೋ ಕೂತು ಕಟ್ಟಿದ ಕಥೆಗಳಲ್ಲ. ಏಳು ತಿಂಗಳ ಹೊಟ್ಟೆ ಹೊತ್ತು ಕುಟ್ಟಿದ್ದು ಆ ಅಜ್ಜಿಯೇ ಹೊರತು ಯಜಮಾನರಲ್ಲ. ಮೈ ನಿಜ. ಆದರೆ ಆ ಮೈಗೆ ಊರು ಏನು ಅರ್ಥ ಹಚ್ಚಿತು ಅನ್ನುವುದು ಬೇರೆಯೇ ಲೆಕ್ಕ. ಮುಟ್ಟನ್ನೇ ತಗೊಳ್ಳಿ.

ಹುಡುಗಿ ಮೊದಲ ಸಲ ಮೈನೆರೆದರೆ ನಮ್ಮಲ್ಲಿ ಹಬ್ಬ. ಗುಡ್ಲು ಹಾಕಿ, ಹಸೆಯ ಮೇಲೆ ಕೂರಿಸಿ, ಚಿಗಳಿ ತಂಬಿಟ್ಟು ತಿನ್ನಿಸಿ, ಆರತಿ ಎತ್ತಿ, ಈಗೀಗ ಫ್ಲೆಕ್ಸ್ ಕೂಡ ಹಾಕುತ್ತಾರೆ. ಮುಂದಿನ ತಿಂಗಳು ಅದೇ ಹುಡುಗಿಗೆ 'ಕಾಗೆ ಮುಟ್ಟಿದೆ', ಹೊರಗೆ ಕೂರಬೇಕು. ಮೈ ಅದೇ, ನೆತ್ತರೂ ಅದೇ. ಮೊದಲನೇ ತಿಂಗಳು ಮಂಗಳ, ಎರಡನೇ ತಿಂಗಳು ಮೈಲಿಗೆ. ಘಟ್ಟ ಇಳಿದು ತುಳುನಾಡಿಗೆ ಹೋದರೆ ಫೆಬ್ರವರಿ ಹೊತ್ತಿಗೆ ಕೆಡ್ಡಸ ಅಂತ ಮಾಡುತ್ತಾರೆ. ಭೂಮಿತಾಯಿ ಮುಟ್ಟಾಗಿದ್ದಾಳೆ ಅಂತ ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ, ಕೊನೆಯ ದಿನ ಅವಳಿಗೆ ಎಣ್ಣೆ ಎರೆಯುತ್ತಾರೆ. ಅಲ್ಲಿ ಭೂಮಿಗೆ ವಿಶ್ರಾಂತಿ ಸಿಕ್ಕಿತು. ಇಲ್ಲಿ ಹೆಂಗಸಿಗೆ ಸಿಕ್ಕಿದ್ದು ಜಗಲಿಯ ಮೂಲೆ.

ನಮ್ಮ ಜಿಲ್ಲೆಯ ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಗಳ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಮುಟ್ಟಾದವರು, ಹೆತ್ತವರು ಹಟ್ಟಿಯ ಹೊರಗೆ ಗುಡ್ಲಲ್ಲೋ ಮರದಡಿಯಲ್ಲೋ ಇರಬೇಕು ಅನ್ನುವ ಕಟ್ಟಳೆ. ದೇವರಿಗೆ ಸೂತಕ ಆಗಬಾರದು ಅನ್ನುವುದು ಕಾರಣ. ಎಲ್ಲ ಹಟ್ಟಿಗಳಲ್ಲೂ ಒಂದೇ ಥರ ಇಲ್ಲ, ಮತ್ತು ಗೊಲ್ಲರನ್ನೇ ಬೆರಳು ಮಾಡಿ ತೋರಿಸಿ ಉಳಿದವರು ಸುಮ್ಮನಿರುವುದೂ ಸರಿಯಲ್ಲ. ಮೂಲೆಗೆ ಕೂರಿಸುವವರೂ ಹೊರಗೆ ಕಳಿಸುವವರೂ ಒಂದೇ ದಾರಿಯಲ್ಲಿ ನಡೆದವರು, ಸ್ವಲ್ಪ ದೂರ ಹೆಚ್ಚು ಕಡಿಮೆ ಅಷ್ಟೆ. 2023ರ ಜುಲೈನಲ್ಲಿ ಪಕ್ಕದ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹಸಿ ಬಾಣಂತಿ ಮಳೆಗಾಲದಲ್ಲಿ ಹಟ್ಟಿಯಾಚೆ ಗುಡ್ಲಿನಲ್ಲಿದ್ದರು. ಶೀತ ಹಿಡಿದ ಕೂಸು ಆಸ್ಪತ್ರೆಯಲ್ಲಿ ತೀರಿಹೋಯಿತು. ಹೆರಿಗೆ ಪ್ರಕೃತಿಯದು. ಗುಡ್ಲು ಪ್ರಕೃತಿಯದಲ್ಲ.

ಕರ್ನಾಟಕದ ಮೌಢ್ಯ ವಿರೋಧಿ ಕಾನೂನು 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಯಾಯಿತು. ಮುಟ್ಟಾದವರನ್ನೂ ಬಸುರಿಯರನ್ನೂ ಊರಾಚೆ ಇಡುವುದು ಆ ಕಾನೂನಿನ ಪ್ರಕಾರ ಅಪರಾಧ. ಇದನ್ನು ನಿಮ್ಮೂರಲ್ಲಿ ಯಾರಾದರೂ ಕೇಳಿದರೆ ಹೇಳಿ.

ಹೆಂಗಸಿಗೆ ಏನು ಸಲ್ಲುತ್ತದೆ, ಏನು ಸಲ್ಲದು ಅನ್ನುವ ಲೆಕ್ಕ ನಮ್ಮ ಸೀಮೆಯಲ್ಲಿ ಎಷ್ಟು ಸಲ ತಿದ್ದುಪಡಿಯಾಯಿತು ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. 1894ರಲ್ಲಿ ಮೈಸೂರು ಸರ್ಕಾರ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿತು. ಅಂದರೆ ಅಲ್ಲಿಯವರೆಗೆ ಅದು ಸಹಜವಾಗಿತ್ತು. ಅದೇ ವರ್ಷದ ಕೊನೆಗೆ ಮಹಾರಾಜರು ತೀರಿಕೊಂಡಾಗ ಮಗ ಚಿಕ್ಕವನಾದ್ದರಿಂದ ರಾಣಿ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರಾಜ್ಯ ನಡೆಸಿದರು. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಶುರುವಾಗಿದ್ದು ಅವರ ಆಳ್ವಿಕೆಯಲ್ಲೇ, 1898ರಲ್ಲಿ. ಮುಗಿದಿದ್ದು 1907ರಲ್ಲಿ. ವಾಣಿವಿಲಾಸ ಅನ್ನುವ ಹೆಸರು ಅವರದೇ. ಗಂಡುಮೆಟ್ಟಿನ ನಾಡಿನ ತೋಟಗಳಿಗೆ ನೀರು ಬಂದಿದ್ದು ಒಬ್ಬ ಹೆಂಗಸಿನ ಆಳ್ವಿಕೆಯಲ್ಲಿ ಎದ್ದ ಕಟ್ಟೆಯಿಂದ, ಇದನ್ನು ಯಾವ ಜಯಂತಿಯಲ್ಲೂ ಹೇಳಿದ್ದು ನಾವು ಕೇಳಿಲ್ಲ. 1933ರಲ್ಲಿ ಮೈಸೂರು ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾಯ್ದೆ ತಂದಿತು. 1994ರಲ್ಲಿ ಕರ್ನಾಟಕ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂದಿತು. ಇಡೀ ದೇಶಕ್ಕೆ ಅದು ಬಂದಿದ್ದು 2005ರಲ್ಲಿ. ಪಂಚಾಯಿತಿಯಲ್ಲಿ ಮೊದಲು ಕಾಲು ಭಾಗ, ಆಮೇಲೆ ಮೂರನೇ ಒಂದು, 2010ರಿಂದ ಅರ್ಧ ಸೀಟು. ಸಹಿ ಸದಸ್ಯೆಯದು, ಮಾತು ಸದಸ್ಯೆಯ ಗಂಡನದು ಅನ್ನುವ ಪಂಚಾಯಿತಿಗಳನ್ನೂ ನಾವು ವರದಿ ಮಾಡಿದ್ದೇವೆ, ಅದು ಬಿಡಿ. ಇಷ್ಟೂ ಕಾಲ ಹೆಂಗಸಿನ ಮೈ ಇದ್ದ ಹಾಗೇ ಇತ್ತು.

ಇಲ್ಲಿಯವರೆಗೆ ಒಪ್ಪುವವರು ಬಹಳ ಮಂದಿ. ಕೆಲಸ, ಕೂಲಿ, ಹಕ್ಕು ಎಲ್ಲ ನಾವು ಮಾಡಿಕೊಂಡದ್ದು ನಿಜ, ಆದರೆ ಗಂಡು ಗಂಡೇ, ಹೆಣ್ಣು ಹೆಣ್ಣೇ, ಇದರಲ್ಲಿ ಮೂರನೆಯದು ಎಲ್ಲಿಂದ ಬಂತು ಅನ್ನುತ್ತಾರೆ. ಅರಳಿಕಟ್ಟೆಯ ಮೇಲೆ ನಮಗೂ ಇದೇ ಪ್ರಶ್ನೆ ಬಿತ್ತು.

ಮೂರನೆಯದು ಹೊಸದಾಗಿ ಬಂದದ್ದಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಜಾತ್ರೆಗೆ, ಹುಲಿಗಿಗೆ, ಸವದತ್ತಿಗೆ ನಮ್ಮ ಕಡೆಯಿಂದ ಹೋಗದ ಊರಿಲ್ಲ. ಅಲ್ಲೆಲ್ಲ ಜೋಗಪ್ಪಗಳನ್ನು ನೋಡಿದ್ದೀರಿ. ಗಂಡಾಗಿ ಹುಟ್ಟಿ, ದೇವಿ ಒಲಿದಳೆಂದು ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು. ತಲೆಯ ಮೇಲೆ ದೇವಿಯ ಕೊಡ, ಕೈಯಲ್ಲಿ ಚೌಡಿಕೆ. ಕಾಲಿಗೆ ಬಿದ್ದು ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಅಮ್ಮ ಅನ್ನುತ್ತೇವೆ. ಅವರು ಗಂಡೋ ಹೆಣ್ಣೋ ಅಂತ ಜಾತ್ರೆಯಲ್ಲಿ ಯಾರೂ ಕೇಳುವುದಿಲ್ಲ. ಜಾತ್ರೆ ಮುಗಿದು ಬಸ್ ಹತ್ತಿದ ಮೇಲೆ ಪಕ್ಕದ ಸೀಟಿನಲ್ಲಿ ಅವರೇ ಕೂತರೆ ಎದ್ದು ಹೋಗುತ್ತೇವೆ. ಸಂಪ್ರದಾಯ ಅವರಿಗೆ ಜಾಗ ಕೊಟ್ಟಿತು, ಆದರೆ ಗುಡಿಯ ಅಂಗಳದಷ್ಟೇ ಕೊಟ್ಟಿತು. ಹಡಲಿಗೆ ಹಿಡಿದು ಬೇಡುವುದೊಂದೇ ಕಸುಬು. ಓದು, ಹೊಲ, ನೌಕರಿ ಇಲ್ಲ.

ಮಂಜಮ್ಮ ಜೋಗತಿಯವರು ಬಳ್ಳಾರಿ ಸೀಮೆಯ ಕಲ್ಲುಕಂಬದವರು, ಹುಟ್ಟಿದಾಗ ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಹದಿಹರೆಯದಲ್ಲಿ ಮನೆಯವರು ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಆಮೇಲೆ ಮನೆಯೂ ಇಲ್ಲ, ಬೀದಿಯೂ ಇಲ್ಲ ಅನ್ನುವ ಬದುಕು. ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ತೆಗೆದುಕೊಳ್ಳುವ ಮುಂಚೆ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ.

ಕಾನೂನಿನವರು ಮಾಡಿದ್ದು ನೋಡಿದರೆ ಬೇಸರವಾಗುತ್ತದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಾಗ ಅದರ ಒಂದು ಭಾಗವನ್ನು ಹಿಜಡಾಗಳಿಗೆಂದೇ ಬರೆದರು. ಉತ್ತರದ ಪ್ರಾಂತ್ಯಗಳಲ್ಲಿ ಪೊಲೀಸರು ಅವರ ಪಟ್ಟಿ ಮಾಡಬೇಕಿತ್ತು, ಬಹಿರಂಗವಾಗಿ ಹೆಂಗಸಿನ ಉಡುಗೆ ಉಟ್ಟು ಕುಣಿದರೆ ಶಿಕ್ಷೆ. ರಾಜರ ಅರಮನೆಗಳಲ್ಲಿ ಕೆಲಸಕ್ಕಿದ್ದವರ ಪೀಳಿಗೆ ಒಂದೇ ಸಹಿಯಿಂದ ಕಳ್ಳರ ಸಾಲಿಗೆ ಸೇರಿತು. ಅದು ಪರದೇಶದವರ ಕಾನೂನು ಅನ್ನೋಣವೆಂದರೆ, ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅಂತ ಒಂದು ಸೆಕ್ಷನ್ ಸೇರಿತು. ಅದೂ ಅದೇ, ಪೊಲೀಸರು ಇವರ ಪಟ್ಟಿ ಇಟ್ಟು ನಿಗಾ ಇಡಬೇಕೆಂದು. 140 ವರ್ಷ ಕಳೆದಿತ್ತು. ಕೋರ್ಟಿಗೆ ಹೋದ ಮೇಲೆ 2016ರಲ್ಲಿ ಆ ಪದ ತೆಗೆದು 'ವ್ಯಕ್ತಿಗಳು' ಅಂತ ತಿದ್ದಿದರು.

ಈ ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ದೊಡ್ಡ ತೀರ್ಪು ಕೊಟ್ಟಿತ್ತು. ತಾನು ಗಂಡೋ, ಹೆಣ್ಣೋ, ಮೂರನೆಯ ಲಿಂಗವೋ ಅಂತ ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಅಂದಿತು. 2011ರ ಜನಗಣತಿಯಲ್ಲಿ ಮೊದಲ ಸಲ 'ಇತರೆ' ಅನ್ನುವ ಕಾಲಂ ಇತ್ತು. ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಅದರಲ್ಲಿ ಸೇರಿದರು. ಹೇಳಿಕೊಳ್ಳಲು ಹೆದರಿದವರು ಆ ಲೆಕ್ಕದಲ್ಲಿಲ್ಲ. ಅದಕ್ಕೂ ಹಿಂದಿನ ಗಣತಿಗಳಲ್ಲಿ ಇವರು ಇರಲಿಲ್ಲವೇ? ಇದ್ದರು, ಬರೆಯಲು ಕಾಲಂ ಇರಲಿಲ್ಲ.

ಮನಸ್ಸಿನ ಮಾತು ಬಿಟ್ಟು ಬರೀ ಮೈಯನ್ನೇ ನೋಡಿದರೂ ಗೆರೆ ನೆಟ್ಟಗಿಲ್ಲ. ಶಾಲೆಯಲ್ಲಿ ಎಕ್ಸ್ ಎಕ್ಸ್ ಹೆಣ್ಣು, ಎಕ್ಸ್ ವೈ ಗಂಡು ಅಂತ ಕಲಿತಿದ್ದೇವೆ. ಬಹುಪಾಲು ಜನಕ್ಕೆ ಅದು ಸರಿ. ಆದರೆ ವರ್ಣತಂತು ಒಂದು ಹೇಳಿ, ಹೊರಗಿನ ಅಂಗ ಇನ್ನೊಂದು ಹೇಳುವ ಕೂಸುಗಳೂ ಹುಟ್ಟುತ್ತವೆ. ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಶಾಂತಿ ಸೌಂದರರಾಜನ್ ಇಟ್ಟಿಗೆ ಗೂಡಿನ ಕೂಲಿಕಾರರ ಮಗಳು. 2006ರಲ್ಲಿ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಆಮೇಲೆ ಪರೀಕ್ಷೆ ಮಾಡಿ, ನೀನು ಹೆಣ್ಣಲ್ಲ ಅಂತ ಪದಕ ಕಿತ್ತುಕೊಂಡರು. ಹೆಣ್ಣಾಗಿ ಹುಟ್ಟಿದಳೆಂದು ಬರೆಸಿದ್ದರು, ಹೆಣ್ಣಾಗಿ ಬೆಳೆದಿದ್ದರು. ತನ್ನ ಮೈಯಲ್ಲಿ ಏನಿದೆ ಅಂತ ಆ ಹುಡುಗಿಗೂ ಗೊತ್ತಿರಲಿಲ್ಲ. ಆಟದ ಸಂಸ್ಥೆಗಳೇ ಒಂದು ಕಾಲಕ್ಕೆ ವರ್ಣತಂತು ನೋಡಿ, ಇನ್ನೊಂದು ಕಾಲಕ್ಕೆ ರಕ್ತದ ಹಾರ್ಮೋನು ಅಳೆದು ಗೆರೆಯನ್ನು ಅತ್ತಿತ್ತ ಸರಿಸಿವೆ.

ನಮಗೆ ಅನ್ನಿಸುವುದು ಹೀಗೆ. ಹೊಲದ ಮಣ್ಣು ಯಾರೂ ಕಟ್ಟಿದ್ದಲ್ಲ. ಇಲ್ಲಿ ಎರೆ, ಅಲ್ಲಿ ಕೆಂಪು, ಅದು ಇರುವುದೇ ಹಾಗೆ. ಬದು ಹಾಕಿದ್ದು ನಾವು. ಎರೆ ಮುಗಿದು ಕೆಂಪು ಶುರುವಾಗುವ ಕಡೆ ಎರಡೂ ಬೆರೆತ ಮಣ್ಣು ಒಂದಿಷ್ಟು ಇದ್ದೇ ಇರುತ್ತದೆ. ಬದುವನ್ನು ಅಲ್ಲೇ ಹಾಕಬೇಕೆಂದು ಮಣ್ಣು ಹೇಳಲಿಲ್ಲ. ಮಣ್ಣೇ ಸುಳ್ಳು ಅನ್ನುವವರ ಮಾತೂ ನಮಗೆ ಹಿಡಿಸುವುದಿಲ್ಲ, ಬದುವನ್ನು ದೇವರೇ ಹಾಕಿದ ಅನ್ನುವವರದೂ ಹಿಡಿಸುವುದಿಲ್ಲ.

ನಮ್ಮ ಭಾಷೆಯೂ ಈ ವಿಷಯದಲ್ಲಿ ಸ್ವಲ್ಪ ಸಡಿಲವಾಗಿಯೇ ಇದೆ. ಮಗು ಅಳುತ್ತಿದೆ ಅನ್ನುತ್ತೇವೆ, ಕೂಸು ಮಲಗಿದೆ ಅನ್ನುತ್ತೇವೆ. ಕನ್ನಡದಲ್ಲಿ ಕೂಸು ಗಂಡೂ ಅಲ್ಲ, ಹೆಣ್ಣೂ ಅಲ್ಲ. ದೊಡ್ಡವರಾದ ಮೇಲೆ ಮರ್ಯಾದೆ ಕೊಟ್ಟು 'ಅವರು' ಅಂದರೆ ಮತ್ತೆ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಹಿರಿಯೂರು ಕಡೆ ತೆಲುಗು ಮನೆಮಾತಿನವರಿದ್ದಾರಲ್ಲ, ಅವರ ವ್ಯಾಕರಣದಲ್ಲಿ ಹೆಂಗಸೊಬ್ಬಳು ಬಂದಳು ಅನ್ನುವುದಕ್ಕೂ ಎಮ್ಮೆ ಬಂತು ಅನ್ನುವುದಕ್ಕೂ ಕ್ರಿಯಾಪದ ಒಂದೇ. ವಚನಕಾರರು, ಅವರಲ್ಲೂ ಜೇಡರ ದಾಸಿಮಯ್ಯ, ಒಳಗಿನ ಆತ್ಮಕ್ಕೆ ಗಂಡು ಹೆಣ್ಣಿನ ಭೇದ ಉಂಟೇ ಅಂತ ಆಗಲೇ ಕೇಳಿದ್ದರು. ಶಾಲೆಯಲ್ಲಿ ಬಾಯಿಪಾಠ ಮಾಡಿ ಅಂಕ ತಗೊಂಡು ಮರೆತಿದ್ದೇವೆ.

ಕೋಲಾಟ ಕಲಿಸಿದವರ ವಿಷಯಕ್ಕೆ ಬರುತ್ತೇವೆ. ಅವರು ಪದವಿ ಮುಗಿಸಿದ್ದಾರೆ. 2021ರಲ್ಲಿ ಕರ್ನಾಟಕ ಸರ್ಕಾರ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಎಲ್ಲ ವರ್ಗಗಳಲ್ಲೂ ಶೇಕಡಾ 1 ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು ಅದು. ಮೀಸಲಾತಿ ಬೇಕೆಂದರೆ ಗುರುತಿನ ಪ್ರಮಾಣಪತ್ರ ಬೇಕು. 2019ರ ಕೇಂದ್ರ ಕಾಯ್ದೆಯ ಪ್ರಕಾರ ಅದನ್ನು ಕೊಡುವುದು ಜಿಲ್ಲಾಧಿಕಾರಿ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ಜೊತೆಗೆ ಒಂದು ಅಫಿಡವಿಟ್. ಆ ಕಾಯ್ದೆಯ 2020ರ ನಿಯಮಗಳಲ್ಲಿ ಈ ಪತ್ರಕ್ಕೆ ವೈದ್ಯಕೀಯ ತಪಾಸಣೆ ಕೇಳುವ ಹಾಗಿಲ್ಲ ಅಂತ ಬರೆದಿದ್ದಾರೆ. ನಿಯಮಗಳಿಗೆ ತಿದ್ದುಪಡಿ ಆಗುತ್ತಲೇ ಇರುತ್ತದೆ, ಅರ್ಜಿ ಹಾಕುವವರು ಆ ಹೊತ್ತಿಗೆ ಏನಿದೆ ಅಂತ ಮೊದಲು ವಿಚಾರಿಸಿಕೊಳ್ಳಿ.

ಅವರು ಅರ್ಜಿಯನ್ನು ಫೋನಿನಲ್ಲಿ ಅರ್ಧ ತುಂಬಿಸಿಟ್ಟು ಎರಡು ತಿಂಗಳಾಗಿತ್ತು. ಯಾಕೆ ನಿಲ್ಲಿಸಿದಿರಿ ಅಂತ ಕೇಳಿದೆವು. ಪತ್ರ ಬಂದರೆ ರೇಷನ್ ಕಾರ್ಡ್ ತಿದ್ದಬೇಕು, ಪಹಣಿಯಲ್ಲಿ ಮಗನ ಹೆಸರು ಇದೆ, ಅದನ್ನೂ ತಿದ್ದಬೇಕಾಗುತ್ತದೆ, ಅಣ್ಣಂದಿರು ಆ ನೆವದಲ್ಲಿ ಪಾಲು ಇಲ್ಲ ಅಂದುಬಿಟ್ಟರೆ ಏನು ಗತಿ ಅಂದರು. 1994ರಿಂದ ಮಗಳಿಗೂ ಪಾಲಿದೆ, ಮಗನಿಗಂತೂ ಮೊದಲಿಂದ ಇತ್ತು ಅಂದೆವು. "ಮಗನಿಗೂ ಇದೆ, ಮಗಳಿಗೂ ಇದೆ ಸಾರ್. ನನಗಿದೆಯಾ ಅಂತ ಅವರು ಕೇಳ್ತಾರೆ" ಅಂದರು.

ನಮಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇದೆ, ಸೋಮವಾರ ಜೊತೆಗೆ ಬರುತ್ತೇವೆ ಅಂದೆವು. ಚಿಕ್ಕಜಾಜೂರಿನಿಂದ ಬೆಳಗಿನ ಬಸ್ಸಿಗೆ ಹೊರಡುವುದು ಅಂತ ಮಾತಾಯಿತು. ಅಷ್ಟರಲ್ಲಿ ಆ ಅಜ್ಜಿಯ ಮೊಮ್ಮಗಳು ಓಡಿಬಂದು, ಮುಂದಿನ ತಿಂಗಳು ತಾಲ್ಲೂಕು ಮಟ್ಟದಲ್ಲಿ ಕೋಲಾಟ ಇದೆ, ಯಾವಾಗಿಂದ ಪ್ರಾಕ್ಟೀಸು ಅಂತ ಅವರನ್ನೇ ಕೇಳಿದಳು. ಮಂಗಳವಾರದಿಂದ ಅಂದರು.